ನಕಾಶೆಯಲ್ಲಿ ಮೂಲದಾಳಿನ ಗುಡಿಸಲು ಎಲ್ಲುಂಟು?

ಹೋದ ಬೇಸಗೆಯಲ್ಲಿ ಕಡಬದ ನಮ್ಮ ಮನೆಗೆ ಇಬ್ಬರು ಬಂದರು. ಒಬ್ಬರು ನನಗೆ ಪ್ರೈಮರಿಯಲ್ಲಿ ಅಕ್ಷರ ಹೇಳಿಕೊಟ್ಟ ಮಾಸ್ತರು. ಇನ್ನೊಬ್ಬರು ಯಾವುದೋ ಸ್ಮರಣೋತ್ಸವ ಸಮಿತಿಯವರು. ಒಳಗೆ ಬನ್ನಿ ಎಂದೆ. 'ಇರಲಿ ಮಾರಾಯ, ಅಂಗಳದಲ್ಲೇ ಗಾಳಿ ಉಂಟು' ಎಂದು ಅಂಗಳದಲ್ಲೇ ನಿಂತರು. ವಿಷಯ ಇಷ್ಟು: 1837ರ ಅಮರ ಸುಳ್ಯದ ಹೋರಾಟದ ಮೇಲೆ ನಾನೊಂದು ಹಾಡು ಬರೆದು ಕೊಡಬೇಕು. 'ನೀನು ನಮ್ಮ ಊರಿನ ಕವಿ ಅಲ್ವಾ? ನಿಮ್ಮ ಕಡೆಯವರದ್ದೂ ಒಂದು ಹಾಡು ಇದ್ದರೆ ಎಲ್ಲರೂ ಒಂದೇ ಎಂದ ಹಾಗಾಗ್ತದೆ.'

ಮೂಲೆಯಲ್ಲಿ ಮಡಲು ಹೆಣೆಯುತ್ತಿದ್ದ ನನ್ನ ಅಜ್ಜಿ ಎಲ್ಲ ಕೇಳಿಸಿಕೊಂಡಳು. ಅವರು ಹೋದ ಮೇಲೆ ಅದೇನು ಕಥೆ ಎಂದು ವಿಚಾರಿಸಿದಳು. ಹೇಳಿದೆ. ಕೊಡಗಿನ ಅರಸ, ಕಂಪನಿ, ಕಂದಾಯ, ದಂಡು, ಬಾವುಟ, ನೇಣು. ಎಲ್ಲ ಕೇಳಿ ತುಳುವಿನಲ್ಲಿ ಒಂದೇ ಮಾತು ಕೇಳಿದಳು: 'ನಂಕ್ ದಾದ ತಿಕ್ಕ್‌ಂಡ್?' ನಮಗೆ ಏನು ಸಿಕ್ಕಿತು?

ಹಾಡು ಬರೆಯಲಾಗಲಿಲ್ಲ. ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟ ಮಾಡುತ್ತೇನೆ. ಕೆದಂಬಾಡಿ ರಾಮಯ್ಯ ಗೌಡರ ಧೈರ್ಯವನ್ನು ಅಲ್ಲಗಳೆಯಲು ನಾನು ಕೂತಿಲ್ಲ. ಮಡಿಕೇರಿಯಲ್ಲಿ ನೇಣಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರಾಗಲಿ, ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿದ ಪುಟ್ಟಬಸಪ್ಪ, ಬಂಗರಸರಾಗಲಿ ಸತ್ತದ್ದು ಸುಳ್ಳಲ್ಲ. ಕಂಪನಿಯ ಎದುರು ಎದೆ ಕೊಡುವುದು ಸಣ್ಣ ಸಂಗತಿಯಲ್ಲ. 1857ರ ದಂಗೆಗೆ 20 ವರ್ಷ ಮೊದಲೇ ನಮ್ಮ ಕಾಡಿನ ಊರುಗಳು ಎದ್ದವು ಎಂಬುದು ನಿಜ. ಇದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ಲೂಟಿಕೋರರ ಗಲಾಟೆಯ ಹಾಗೆ ಗೇಲಿ ಮಾಡಿದವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನನ್ನ ಪ್ರಶ್ನೆ ಬೇರೆ.

ಆ ಯುದ್ಧದ ಹೊತ್ತಿಗೆ ಈ ನೆಲದ ಮೇಲೆ ಎಷ್ಟು ಯೋಜನೆಗಳಿದ್ದವು, ನೋಡಿ.

ಅಮರ ಸುಳ್ಯದ ಸೀಮೆ ಇಕ್ಕೇರಿ, ಹಾಲೇರಿ, ಹೈದರ್, ಟಿಪ್ಪು, ಕಂಪನಿ ಎಂದು ಕೈಯಿಂದ ಕೈಗೆ ದಾಟುತ್ತಲೇ ಇದ್ದ ಸೀಮೆ. 1799ರಲ್ಲಿ ಟಿಪ್ಪು ಬಿದ್ದ. ಟಿಪ್ಪುವಿನ ವಿರುದ್ಧ ಯುದ್ಧದಲ್ಲಿ ಮಾಡಿದ ಸಹಾಯಕ್ಕೆ ಕೊಡಗಿನ ದೊಡ್ಡವೀರರಾಜೇಂದ್ರನಿಗೆ ಕಂಪನಿ ಅಮರ ಸುಳ್ಯ, ಪುತ್ತೂರು ಮಾಗಣೆಗಳನ್ನು ಬಿಟ್ಟುಕೊಟ್ಟಿತು. ಮದುವೆ ಮನೆಯಲ್ಲಿ ಉಡುಗೊರೆ ಕೊಟ್ಟ ಹಾಗೆ ಜನ ಸಮೇತ ಭೂಮಿ. 1834ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಕೊಡಗಿನ ಮೇಲೆ ಯುದ್ಧ ಮಾಡಿ ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಮೇ 7ರಂದು ಕರ್ನಲ್ ಫ್ರೇಸರ್ ಘೋಷಣೆ ಹೊರಡಿಸಿದ: ಕೊಡಗಿನ ನಿವಾಸಿಗಳ ಸರ್ವಾನುಮತದ ಇಚ್ಛೆಯಂತೆ ಈ ದೇಶ ಕಂಪನಿಯ ಆಳ್ವಿಕೆಗೆ ಬಂತು ಎಂದು. ಕೊಟ್ಟ ಉಡುಗೊರೆಯನ್ನು ಹಿಂದಕ್ಕೆ ತೆಗೆದುಕೊಂಡು ನಮ್ಮ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು.

ಸರ್ವಾನುಮತ! ಈ ಶಬ್ದವನ್ನು ಬಾಯಲ್ಲಿಟ್ಟು ಒಮ್ಮೆ ಜಗಿದು ನೋಡಿ ಗೆಳೆಯರೆ. ಯಾರ ಮತ? ದಿವಾನರ ಮತ. ಊರ ತಕ್ಕರ ಮತ. ಗದ್ದೆಯಲ್ಲಿ ಸೊಂಟ ಬಗ್ಗಿಸಿ ನಿಂತವನ ಹತ್ತಿರ ಯಾವ ಫ್ರೇಸರ್ ಬಂದು 'ನಿನ್ನ ಇಚ್ಛೆ ಏನಪ್ಪ' ಎಂದು ಕೇಳಿದ?

ಇದು ಒಂದು ಯೋಜನೆ. ಇನ್ನೊಂದು, ದಂಗೆಯವರದ್ದು. ಹಾಲೇರಿ ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯಲ್ಲೇ ಕೊಡಬಹುದಿತ್ತು. ಕಂಪನಿ ನಗದು ಕೇಳಿತು. ಕೊಯ್ಲಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಭತ್ತ ಮಾರಬೇಕು, ರೇಟು ಬೀಳ್ತದೆ, ಸಾಹುಕಾರನ ಪೆಟ್ಟಿಗೆ ತುಂಬ್ತದೆ. ಉಪ್ಪು, ತಂಬಾಕಿನ ಮೇಲೆ ಕಂಪನಿಯ ಏಕಸ್ವಾಮ್ಯ. ಒಕ್ಕಲಿಗ ಕುದಿದ. ಪುಟ್ಟಬಸಪ್ಪನಿಗೆ ಕಲ್ಯಾಣಸ್ವಾಮಿ ಎಂದು ಹೆಸರಿಟ್ಟು, ಹಾಲೇರಿ ವಂಶದವನೆಂದು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ವಶವಾಯಿತು. 1837ರ ಏಪ್ರಿಲ್ 5ರಂದು ದಂಡು ಮಂಗಳೂರು ಮುಟ್ಟಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿತು. ಕಲೆಕ್ಟರ್ ಹಡಗು ಹತ್ತಿ ಕಣ್ಣೂರಿಗೆ ಓಡಿದ. ದಂಗೆಯವರ ಭರವಸೆ ಇದು: ಅರಸೊತ್ತಿಗೆ ಮತ್ತೆ ಬರ್ತದೆ, ಭೂಕಂದಾಯ ಮಾಫಿ, ಉಪ್ಪು ತಂಬಾಕಿನ ಸುಂಕ ರದ್ದು.

ಮೂರನೆಯದು ಮಡಿಕೇರಿಯ ದಿವಾನರದ್ದು. ಚೆಪ್ಪುಡಿರ ಪೊನ್ನಪ್ಪ, ಅಪ್ಪರಂಡ ಬೋಪು ಕಂಪನಿಯ ಪರ ನಿಂತರು. ದಂಗೆ ಅಡಗಿದ ಮೇಲೆ ನಿಷ್ಠರಿಗೆ ಕನ್ನಡ ಅಕ್ಷರ ಕೆತ್ತಿದ ಚಿನ್ನ ಬೆಳ್ಳಿಯ ಪದಕ ಬಂತು.

ಮೂರು ಯೋಜನೆ. ಮೂರರ ನಡುವೆ ಜಗಳ ಯಾವುದರ ಬಗ್ಗೆ? ಕಂದಾಯವನ್ನು ಭತ್ತದಲ್ಲಿ ಕೊಡುವುದೋ ನಾಣ್ಯದಲ್ಲಿ ಕೊಡುವುದೋ, ಅರಸನಿಗೆ ಕೊಡುವುದೋ ಕಂಪನಿಗೆ ಕೊಡುವುದೋ ಎಂಬುದರ ಬಗ್ಗೆ. ಆದರೆ ಆ ಭತ್ತ ಬೆಳೆದದ್ದು ಯಾರು? ಅವನು ಯಾವ ಪಕ್ಷದಲ್ಲಿದ್ದ?

ಅವನು ಯಾವ ಪಕ್ಷದಲ್ಲೂ ಇರಲಿಲ್ಲ. ಯಾಕೆಂದರೆ ಅವನು ಭೂಮಿಯ ಲೆಕ್ಕದಲ್ಲಿದ್ದ. ತೆಂಗಿನ ಮರ ಇಷ್ಟು, ಕಂಗು ಇಷ್ಟು, ಕೋಣ ಇಷ್ಟು, ಆಳು ಇಷ್ಟು. 1801ರಲ್ಲಿ ಈ ಜಿಲ್ಲೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ಪುಸ್ತಕದಲ್ಲಿ ನಮ್ಮವರ ಕ್ರಯವನ್ನೂ, ಕೂಲಿಯ ಬದಲು ಅಳೆದು ಹಾಕುತ್ತಿದ್ದ ಅಕ್ಕಿಯನ್ನೂ ಬರೆದಿದ್ದಾನೆ. ನಮಗೆ 'ಮೂಲದ ಹೊಲೆಯ' ಎಂದು ಹೆಸರು. ಭೂಮಿ ಮಾರಿದರೆ ಭೂಮಿಯ ಸಂಗಡ ಅವನೂ ಹೋದ. ಘಟ್ಟ ಹತ್ತಿದರೆ ಕೊಡಗಿನಲ್ಲಿ ಇನ್ನೂ ನಾಜೂಕು: ಭೂಮಿಗೆ ಅಂಟಿದವನು 'ಭೂಮಿ ಜಮ್ಮದ ಹೊಲೆಯ', ಮನೆತನಕ್ಕೆ ಅಂಟಿದವನು 'ಒಕ್ಕಲು ಜಮ್ಮದ ಹೊಲೆಯ'. ಹಾಲೇರಿಯ ರಾಜ್ಯವಾದರೂ ಅದೇ, ಕೆನರಾ ಕಲೆಕ್ಟರನ ಜಿಲ್ಲೆಯಾದರೂ ಅದೇ. ಕಂದಾಯ ಮಾಫಿ ಎಂದರು. ಒಳ್ಳೆಯದೇ! ಕಂದಾಯ ಕಟ್ಟುವವನಿಗೆ ಮಾಫಿ. ತಾನೇ ಇನ್ನೊಬ್ಬನ ಆಸ್ತಿಯಾದವನಿಗೆ ಯಾವ ಮಾಫಿ?

ಇಲ್ಲಿಗೆ ಮಾಸ್ತರು ಹೇಳುವ ಮಾತು ನನಗೆ ಗೊತ್ತುಂಟು. 'ಆ ಕಾಲವೇ ಹಾಗೆ ಮಾರಾಯ. ಇವತ್ತಿನ ಕಣ್ಣಿಂದ ಅಂದಿನದನ್ನು ನೋಡಬಾರದು.' ಮಾಸ್ತರೇ, ಯಾವ ಕಾಲ? 1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡುವ ಕಾನೂನು ಮಾಡಿತು. 1834ರ ಆಗಸ್ಟ್ 1ರಿಂದ ಜಾರಿ. ಅಂದರೆ ನಮ್ಮ ಮಾಗಣೆ ಕಂಪನಿಗೆ ಬಂದ ವರ್ಷವೇ. ಗುಲಾಮಗಿರಿ ಪಾಪ ಎಂದು ಆ ಕಾಲಕ್ಕೇ ಗೊತ್ತಿತ್ತು. ಆದರೆ ಅದೇ ಕಾನೂನಿನೊಳಗೆ ಒಂದು ಸಾಲು ಸೇರಿಸಿದರು: ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳಿಗೆ ಇದು ಅನ್ವಯಿಸುವುದಿಲ್ಲ! ವೆಸ್ಟ್ ಇಂಡೀಸಿನ ಕಬ್ಬಿನ ತೋಟದಲ್ಲಿ ಸಂಕೋಲೆ ಬಿಚ್ಚಲು ಹೊರಟ ಕೈ ಸುಳ್ಯದ ಗದ್ದೆಯಲ್ಲಿ ಬಿಚ್ಚಲಿಲ್ಲ. ಅಲ್ಲೂ ಪರಿಹಾರ ಎಂದು ಎರಡು ಕೋಟಿ ಪೌಂಡು ಕೊಟ್ಟದ್ದು ಗುಲಾಮರಿಗಲ್ಲ, ಗುಲಾಮರ ಧಣಿಗಳಿಗೆ.

'ಹಾಗಾದರೆ ನೀನು ಬ್ರಿಟಿಷರ ಪರವೋ, ದೇಶಪ್ರೇಮಿಗಳ ಪರವೋ?' ಇದು ಎರಡನೆಯ ಬಾಣ. ನಮ್ಮವರ ಬಾಯಿ ಮುಚ್ಚಿಸಲು ಯಾವಾಗಲೂ ಬತ್ತಳಿಕೆಯಿಂದ ಬರುವ ಬಾಣ. ಪಕ್ಕದ ಮಲಬಾರಿನಲ್ಲಿ ಕಂದಾಯ ಬಾಕಿಗೆ ಆಳುಗಳನ್ನೇ ಹರಾಜು ಹಾಕುವುದನ್ನು 1819ರವರೆಗೂ ನಡೆಸಿದ ಕಂಪನಿಯ ಪರ ನಾನು ಹೇಗಿರಲಿ? 1843ರ ಕಾಯಿದೆಯಲ್ಲಿ ಗುಲಾಮಗಿರಿಗೆ ಕೋರ್ಟಿನ ಮನ್ನಣೆ ಇಲ್ಲವೆಂದು ಬರೆದರೇ ಹೊರತು ಆಳಿಗೆ ಒಂದು ಮುಷ್ಟಿ ಮಣ್ಣು ಕೊಡಲಿಲ್ಲ. ಕಾಗದದಲ್ಲಿ ಬಿಡುಗಡೆ, ಸಾಲದಲ್ಲಿ ಸೆರೆ. ಯಾರ ಪರ ಎಂದು ಕೇಳಿದಿರಲ್ಲ, ನಾನು ಮೂಲದಾಳಿನ ಪರ. ಆ ಹೆಸರಿನ ಪಕ್ಷ ನಿಮ್ಮ ಇತಿಹಾಸದಲ್ಲಿ ಇಲ್ಲದಿರುವುದು ನನ್ನ ತಪ್ಪಲ್ಲ.

ಇದು ನಮ್ಮ ಊರಿನ ಹಳೇ ಪುರಾಣ ಮಾತ್ರ ಎಂದು ತಿಳಿಯಬೇಡಿ. ಮಂಗಳಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಬೋಸ್ನಿಯದ ಯುದ್ಧದ ಬಗ್ಗೆ ಓದಿದೆ. ಓದುತ್ತಾ ಹೋದ ಹಾಗೆ ಇದು ನಮ್ಮದೇ ಕಥೆ ಅನ್ನಿಸಿತು. 1992ರಿಂದ 1995ರವರೆಗೆ ಅಲ್ಲಿ ಸರ್ಬರು, ಕ್ರೊವೇಟರು, ಬೋಸ್ನಿಯಾಕರು ಬಡಿದಾಡಿದರು. ಒಂದು ಕಡೆ ಹೆಣ ಬೀಳುತ್ತಿತ್ತು, ಇನ್ನೊಂದು ಕಡೆ ದೊಡ್ಡ ದೊಡ್ಡವರು ನಕಾಶೆ ಹರಡಿಕೊಂಡು ಕೂತಿದ್ದರು. 1993ರ ಜನವರಿಯಲ್ಲಿ ವಾನ್ಸ್ ಮತ್ತು ಓವನ್ ಎಂಬುವರ ಯೋಜನೆ: ದೇಶವನ್ನು 10 ಪ್ರಾಂತ ಮಾಡೋಣ. ಅದು ಮುರಿಯಿತು. ಅದೇ ವರ್ಷ ಓವನ್ ಮತ್ತು ಸ್ಟೋಲ್ಟನ್‌ಬರ್ಗ್ ಯೋಜನೆ: ಮೂರು ಗಣರಾಜ್ಯಗಳ ಒಕ್ಕೂಟ. ಅದೂ ಮುರಿಯಿತು. 1994ರಲ್ಲಿ ದೊಡ್ಡ ರಾಷ್ಟ್ರಗಳ ಗುಂಪಿನ ಲೆಕ್ಕ: ಶೇಕಡಾ 51 ಒಬ್ಬರಿಗೆ, 49 ಇನ್ನೊಬ್ಬರಿಗೆ. ಕೊನೆಗೆ 1995ರ ನವೆಂಬರ್‌ನಲ್ಲಿ ಅಮೆರಿಕದ ಡೇಟನ್‌ನಲ್ಲಿ ಒಪ್ಪಂದ. ಆ ಒಪ್ಪಂದಕ್ಕೆ ಬಾಲದ ಹಾಗೆ ಕಟ್ಟಿದ ಒಂದು ಅನುಬಂಧವೇ ಆ ದೇಶದ ಸಂವಿಧಾನ!

ಆ ಸಂವಿಧಾನದಲ್ಲಿ ಮೂರು ಜನಾಂಗಗಳಿಗೆ ಹೆಸರುಂಟು. ಉಳಿದವರಿಗೆಲ್ಲ ಒಂದೇ ಶಬ್ದ: 'ಇತರರು'. ದೇಶದ ಅಧ್ಯಕ್ಷ ಮಂಡಲಿಗೆ ಮೂವರು, ಮೂರು ಜನಾಂಗದವರು. 'ಇತರರು' ಅರ್ಜಿ ಹಾಕುವ ಹಾಗೂ ಇಲ್ಲ.

ಈ ಇತರರಲ್ಲಿ ರೋಮಾ ಜನ ಇದ್ದಾರೆ. ಊರ ಹೊರಗೆ ಬಿಡಾರ, ಮೈಯ ಬಣ್ಣಕ್ಕೆ ಬೈಗುಳ, ಮಕ್ಕಳನ್ನು ಶಾಲೆಯಲ್ಲಿ ಬೇರೆ ಕೂರಿಸುವುದು, ಎಲ್ಲ ಗೊತ್ತಿದ್ದದ್ದೇ. ಸುಮಾರು ಸಾವಿರ ವರ್ಷದ ಹಿಂದೆ ನಮ್ಮ ಈ ಉಪಖಂಡದಿಂದ ಹೋದವರು. ಅವರ ಮಾತಿನಲ್ಲಿ ಇವತ್ತಿಗೂ ನೀರಿಗೆ 'ಪಾನಿ' ಎನ್ನುತ್ತಾರೆ. ಅವರಲ್ಲೊಬ್ಬ ದೆರ್ವೊ ಸೇಜ್ದಿಚ್, ಯಾಕೊಬ್ ಫಿಂಚಿ ಎಂಬ ಯಹೂದಿಯ ಹಾಗೆ, 'ನಾನು ಯಾಕೆ ಸ್ಪರ್ಧಿಸಬಾರದು' ಎಂದು ಯುರೋಪಿನ ಮಾನವ ಹಕ್ಕುಗಳ ಕೋರ್ಟಿಗೆ ಹೋದ. 2009ರ ಡಿಸೆಂಬರ್ 22ರಂದು ಇಬ್ಬರೂ ಗೆದ್ದರು. ಗೆದ್ದು ಹತ್ತು ವರ್ಷ ಕಳೆದರೂ ಸಂವಿಧಾನ ತಿದ್ದಲಿಲ್ಲ. ಮೂವರೂ ಎಲ್ಲದಕ್ಕೂ ಜಗಳವಾಡುತ್ತಾರೆ, 'ಇತರರ' ಕುರ್ಚಿಯ ವಿಷಯದಲ್ಲಿ ಮಾತ್ರ ಮೂವರೂ ಸುಮ್ಮನೆ!

ಪಕ್ಕದ ಕೊಸೊವೊದಲ್ಲಿ ಇನ್ನೂ ಘೋರ. 1999ರ ಯುದ್ಧ ಮುಗಿದ ಕೂಡಲೇ ಮಿತ್ರೊವಿತ್ಸ ಎಂಬ ಊರಿನ ರೋಮಾ ಕೇರಿಯನ್ನು ಸುಟ್ಟರು. ಸಾವಿರಾರು ಜನ ಬೀದಿಗೆ ಬಿದ್ದರು. ವಿಶ್ವಸಂಸ್ಥೆ ಅವರಲ್ಲಿ ಕೆಲವರಿಗೆ ಆಶ್ರಯ ಕೊಟ್ಟದ್ದು ಎಲ್ಲಿ? ಸೀಸದ ಗಣಿಯ ವಿಷದ ಗುಡ್ಡೆಯ ಬುಡದಲ್ಲಿ. ಮಕ್ಕಳ ರಕ್ತದಲ್ಲಿ ಸೀಸ ಇಳಿಯಿತು. ವರ್ಷಗಟ್ಟಲೆ ಅಲ್ಲೇ ಬಿಟ್ಟರು. ಕೊಸೊವೊ ಸೆರ್ಬಿಯದ ಒಳಗಿರಬೇಕೋ ಸ್ವತಂತ್ರವಾಗಬೇಕೋ ಎಂದು ಇಡೀ ಜಗತ್ತು ಚರ್ಚೆ ಮಾಡಿತು. 2008ರಲ್ಲಿ ಸ್ವಾತಂತ್ರ್ಯದ ಘೋಷಣೆಯೂ ಆಯಿತು. ಆ ಮಕ್ಕಳು ಇನ್ನೂ ಸೀಸದ ಧೂಳಿನಲ್ಲಿದ್ದರು.

ಗೆಳೆಯರೆ, ಈಗ ಹಿಂದಕ್ಕೆ ನಮ್ಮ ಪಯಸ್ವಿನಿಗೆ ಬನ್ನಿ. ಕೊಡಗಿನಲ್ಲಿ ಹುಟ್ಟಿ ಸುಳ್ಯ ಪೇಟೆಯ ಪಕ್ಕ ಹರಿದು ಕಾಸರಗೋಡಿಗೆ ಹೋಗಿ ಚಂದ್ರಗಿರಿ ಎನ್ನಿಸಿಕೊಳ್ಳುವ ಹೊಳೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರಕ್ಕಿರುವುದು ಕನ್ನಡನಾಡಿಗೆ ಸೇರಬೇಕು ಎಂದಿತು, ಸೇರಲಿಲ್ಲ. ಕನ್ನಡಿಗರ ಆ ನೋವು ನನಗೂ ಉಂಟು. ಕನ್ನಡ ಶಾಲೆ ಮುಚ್ಚಿದರೆ ಮೊದಲು ಬೀದಿಗೆ ಬೀಳುವ ಮಗು ಬಡವನದ್ದೇ. ಆದರೆ ಗಡಿ ಹೋರಾಟದ ಭಾಷಣಗಳಲ್ಲಿ ಒಂದು ಸಂಗತಿ ಬರುವುದಿಲ್ಲ: ಜಾತಿಯ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ. ಸುಳ್ಯದ ಮರಾಟಿ ನಾಯ್ಕರು ಪರಿಶಿಷ್ಟ ಪಂಗಡ. ಗಡಿಯಾಚೆ ಅವರದೇ ನೆಂಟರನ್ನು 2002ರ ತಿದ್ದುಪಡಿಯಲ್ಲಿ ಪಟ್ಟಿಯಿಂದ ತೆಗೆದರು. ಮತ್ತೆ ಸೇರಲು ಸುಮಾರು ಹತ್ತು ವರ್ಷ ಅಲೆಯಬೇಕಾಯಿತು. ಆ ಹತ್ತು ವರ್ಷದಲ್ಲಿ ಸೀಟು ತಪ್ಪಿದ ಹುಡುಗಿ ಮತ್ತೆ ಹದಿನೆಂಟರವಳಾಗುತ್ತಾಳೆಯೇ? ಗಡಿ ಎಂದರೆ ಮೇಲಿನವರಿಗೆ ಅಭಿಮಾನ. ಕೆಳಗಿನವರಿಗೆ ಅದು ಒಂದು ಸರ್ಟಿಫಿಕೇಟು.

ನಂಬದಿದ್ದರೆ ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳಿಗೆ ಹೋಗಿ. 1964ರ ಅಕ್ಟೋಬರ್‌ನಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಎಂಬ ಇಬ್ಬರು ಪ್ರಧಾನಿಗಳು ಕೂತು ಸಿಲೋನಿನ ಚಹಾ ತೋಟದ ತಮಿಳರನ್ನು ಹಂಚಿಕೊಂಡರು: 5,25,000 ಭಾರತಕ್ಕೆ, 3,00,000 ಸಿಲೋನಿಗೆ, ಉಳಿದ 1,50,000 ಮುಂದೆ ನೋಡೋಣ. 1974ರಲ್ಲಿ ಆ ಉಳಿದದ್ದನ್ನೂ ಅರ್ಧ ಅರ್ಧ ಮಾಡಿದರು. ಅಡಿಕೆ ಪಾಲು ಮಾಡುವಾಗಲಾದರೂ ಒಳ್ಳೆಯದು ಕೆಟ್ಟದ್ದು ಎಂದು ಕೈಯಲ್ಲಿ ಹಿಡಿದು ನೋಡ್ತೇವೆ! ಹಾಗೆ ಬಂದವರಲ್ಲಿ ಕೆಲವರನ್ನು ಇಲ್ಲಿ ಸರಕಾರದ ರಬ್ಬರ್ ತೋಟಕ್ಕೆ ತಂದು ಬಿಟ್ಟರು. ನನ್ನ ಸಂಗಡ ಓದಿದ ಒಬ್ಬನಿದ್ದ. ಬೆಳಗಿನ ಜಾವ ಅಪ್ಪನ ಜೊತೆ ಮರಕ್ಕೆ ಕತ್ತಿ ಹಾಕಿ ಹಾಲು ಇಳಿಸಿ ಕಾಲೇಜಿಗೆ ಬರುತ್ತಿದ್ದ. ಅವನ ತಾತ ತಮಿಳುನಾಡಿನಲ್ಲಿದ್ದಾಗ ಮುಟ್ಟಿಸಿಕೊಳ್ಳದ ಜಾತಿ. ಸಿಲೋನಿನ ಲೈನ್ ಮನೆಯಲ್ಲೂ ಅದೇ ಜಾತಿ. ಇಲ್ಲಿ ಜಾತಿ ಪ್ರಮಾಣಪತ್ರ ಕೇಳಿದರೆ 'ನೀವು ಈ ರಾಜ್ಯದವರಲ್ಲ' ಎಂಬ ಉತ್ತರ. ಅವಮಾನ ಮಾಡುವಾಗ ಗೊತ್ತಾಗುವ ಜಾತಿ ಹಕ್ಕು ಕೊಡುವಾಗ ಗೊತ್ತಾಗುವುದಿಲ್ಲ.

ಇದನ್ನೆಲ್ಲ ಬಾಬಾಸಾಹೇಬರು ಮುಂಚೆಯೇ ಕಂಡಿದ್ದರು. ರಾಜ್ಯಗಳ ಪುನರ್ವಿಂಗಡಣೆಯ ಗದ್ದಲದ 1955ರಲ್ಲೇ ಅವರು ಭಾಷಾವಾರು ರಾಜ್ಯಗಳ ಮೇಲೊಂದು ಪುಸ್ತಕ ಬರೆದರು. ಅವರು ಭಾಷೆಯ ವಿರೋಧಿಯಲ್ಲ. ಒಂದು ರಾಜ್ಯಕ್ಕೆ ಒಂದು ಭಾಷೆ ಇರಲಿ ಎಂದವರೇ. ಆದರೆ ಒಂದು ಪ್ರಾಂತದಲ್ಲಿ ಭೂಮಿ ಮತ್ತು ಸಂಖ್ಯೆ ಎರಡೂ ಒಂದೇ ದೊಡ್ಡ ಜಾತಿಯ ಕೈಯಲ್ಲಿದ್ದರೆ, ಚದುರಿದ ಸಣ್ಣ ಜಾತಿಗಳ ಗತಿ ಏನು, ಅವಕ್ಕೆ ಯಾವ ರಕ್ಷಣೆ, ಎಂದು ಅವರು ಕೇಳಿದರು. ಗಡಿಗೆರೆ ಎಳೆಯುವವರು ಆ ಪ್ರಶ್ನೆಯನ್ನು ಬದಿಗಿಟ್ಟು ಗೆರೆ ಎಳೆದರು.

ಈಗ ಹೊಸ ನಕಾಶೆಗಳು ಬರುತ್ತಿವೆ. ತುಳುನಾಡು ಬೇರೆ ರಾಜ್ಯವಾಗಬೇಕು ಎನ್ನುವವರಿದ್ದಾರೆ. ಕಾಸರಗೋಡು ಬರಬೇಕು ಎನ್ನುವವರಿದ್ದಾರೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು. ನಮ್ಮ ಕಡಬವನ್ನೇ ನೋಡಿ. ಪುತ್ತೂರು, ಸುಳ್ಯಗಳಿಂದ ಒಡೆದು ಹೊಸ ತಾಲೂಕು ಮಾಡಿದರು. ತಾಲೂಕು ಕಚೇರಿಗೆ ಬಸ್ಸಿನ ಖರ್ಚು ಕಡಿಮೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಜ್ಜಿಯ ಅರ್ಜಿ ಹಳೇ ತಾಲೂಕಿನ ಕಟ್ಟಿನಿಂದ ಹೊಸ ತಾಲೂಕಿನ ಕಟ್ಟಿಗೆ ಬಂತು, ಅಷ್ಟೆ.

ಅಜ್ಜಿಯ ಅರ್ಜಿ ಯಾವುದು? ಡಿ.ಸಿ. ಮನ್ನಾ ಭೂಮಿಯದ್ದು. ಚಿಕ್ಕವನಿದ್ದಾಗ ಡಿ.ಸಿ. ಎಂದರೆ ಜಿಲ್ಲಾಧಿಕಾರಿ ಎಂದುಕೊಂಡಿದ್ದೆ. ಅಲ್ಲ. ಡಿಪ್ರೆಸ್ಡ್ ಕ್ಲಾಸ್. ತುಳಿತಕ್ಕೆ ಸಿಕ್ಕಿದ ವರ್ಗ. ಬ್ರಿಟಿಷರ ಆಳ್ವಿಕೆಯಲ್ಲಿ ಈ ಜಿಲ್ಲೆಯ ಊರೂರಿನಲ್ಲಿ ನಮ್ಮವರಿಗೆಂದೇ ಕಾದಿರಿಸಿದ ನೆಲ. ಕಾಗದದಲ್ಲಿ ಅದು ಇವತ್ತಿಗೂ ನಮ್ಮದು. ಎಷ್ಟೋ ಕಡೆ ನೆಲದ ಮೇಲೆ ನಿಂತದ್ದು ಬೇರೆಯವರ ಕಂಗು, ಬೇರೆಯವರ ರಬ್ಬರ್, ಬೇರೆಯವರ ಬೇಲಿ. ದಲಿತ ಸಂಘಟನೆಗಳು ಧರಣಿ ಕೂತು ಕೂತು ತಲೆಮಾರು ಕಳೆಯಿತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಎಂದರು. ಜಿಲ್ಲೆಯ ಗೇಣಿದಾರರು ಒಡೆಯರಾದರು, ಆಗಲಿ, ಅದು ದೊಡ್ಡ ಕೆಲಸವೇ. ಆದರೆ ಗೇಣಿಚೀಟು ಇದ್ದದ್ದು ಗೇಣಿದಾರನಿಗೆ. ನಿಜವಾಗಿ ನೊಗ ಹಿಡಿದ ಮೂಲದಾಳಿಗೆ ಯಾವ ಚೀಟು? ಅವನಿಗೆ ಗುಡಿಸಲಿನ ಅಡಿಯ ನಾಲ್ಕು ಸೆಂಟ್ಸು ಸಿಕ್ಕಿದ್ದರೆ ಪುಣ್ಯ.

ಕೊಡಗಿನ ಮಾಗಣೆ, ಕೆನರಾ ಜಿಲ್ಲೆ, ಮದರಾಸು ಪ್ರಾಂತ, ಮೈಸೂರು ರಾಜ್ಯ, ಕರ್ನಾಟಕ. ಅಜ್ಜಿಯ ಹಿರಿಯರು ಐದು ಹೆಸರಿನ ನೆಲದಲ್ಲಿ ಬಾಳಿದರು. ಎಲ್ಲಿಯೂ ಊರು ಬಿಟ್ಟು ಹೋಗಲಿಲ್ಲ. ಹೆಸರೇ ಅವರ ತಲೆಯ ಮೇಲಿನಿಂದ ದಾಟಿ ದಾಟಿ ಹೋಯಿತು.

ಆದುದರಿಂದ ವಿದ್ಯಾರ್ಥಿ ಗೆಳೆಯರೆ, ಹಳ್ಳಿಯ ಮಾಸ್ತರುಗಳೇ, ನನ್ನ ಮಾತು ಇಷ್ಟು. ಯಾರೇ ನಕಾಶೆ ಹಿಡಿದುಕೊಂಡು ಅಂಗಳಕ್ಕೆ ಬರಲಿ, ಅರಸನ ಹೆಸರಿನಲ್ಲಿ, ಭಾಷೆಯ ಹೆಸರಿನಲ್ಲಿ, ರಾಷ್ಟ್ರದ ಹೆಸರಿನಲ್ಲಿ ಬರಲಿ, ಜೈಕಾರ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಇದನ್ನು ಬರೆಯುವಾಗ ನಮ್ಮವರು ಯಾರು ಕೂತಿದ್ದರು? ಇದರಲ್ಲಿ ನಮ್ಮ ಭೂಮಿಯ ಸರ್ವೆ ನಂಬರ್ ಎಲ್ಲುಂಟು? ಇದರಲ್ಲಿ ನಮಗೆ ಹೆಸರುಂಟೋ, 'ಇತರರೋ'? ಮೂರಕ್ಕೂ ಉತ್ತರ ಬಂದರೆ ಬಾವುಟವನ್ನು ನಾವೇ ಹೊರೋಣ. ಬಾರದಿದ್ದರೆ ಹೊರುವ ಹೆಗಲು ನಮ್ಮದಲ್ಲ. ಇಷ್ಟು ಕಾಲ ಹೊತ್ತದ್ದು ಸಾಕು.

ಮಾಸ್ತರೇ, ನೀವು ಹಾಡು ಕೇಳಿದಿರಿ. ಕೊಡ್ತೇನೆ. ಬಾವುಟಗುಡ್ಡೆಯ ಪ್ರತಿಮೆಗೂ ಕೈ ಮುಗೀತೇನೆ. ಅದಕ್ಕೆ ಮೊದಲು ನೀವು ನಮ್ಮ ಅಂಗಳ ದಾಟಿ ಒಳಗೆ ಬನ್ನಿ. ಅಜ್ಜಿ ಹೆಣೆದ ಚಾಪೆ ಉಂಟು, ಕೂತುಕೊಳ್ಳಿ. ಒಂದು ಲೋಟ ನೀರು ಕುಡಿಯಿರಿ. ಮತ್ತೆ ಡಿ.ಸಿ. ಮನ್ನಾ ಅರ್ಜಿಯ ಕೆಳಗೆ ನಿಮ್ಮದೂ ಒಂದು ಸಹಿ ಹಾಕಿ, ತಾಲೂಕು ಕಚೇರಿಗೆ ನಮ್ಮ ಸಂಗಡ ನಡೆದು ಬನ್ನಿ.

ಹಾಡು ಆ ದಾರಿಯಲ್ಲಿ ತಾನಾಗಿ ಹುಟ್ಟುತ್ತದೆ.